ಐದು ಮತ್ತು ಅರವತ್ತೆರಡು

ಡಯಾಲಿಸಿಸ್ ವಿಭಾಗದ ಹಿಂದಿನ ಕೋಣೆಯಲ್ಲಿ ನೀರು ಶುದ್ಧ ಮಾಡುವವನನ್ನು ಎಲ್ಲರೂ ನೀರಣ್ಣ ಅಂತಲೇ ಕರೆಯುತ್ತಿದ್ದರು. ರೋಗಿಗಳ ರಕ್ತ ತೊಳೆಯಲು ಹೋಗುವ ನೀರಿನಲ್ಲಿ ಲವಣ ಉಳಿದಿದೆಯೇ ಎಂದು ನೋಡುವುದು ಅವನ ಕೆಲಸ. ಉಪ್ಪು ನೀರಿಗೆ ಬಿದ್ದರೆ ಅದರ ಧನ, ಋಣ ಅಯಾನುಗಳು ಹಿಡಿದ ಕೈ ಬಿಟ್ಟು ಬೇರೆಬೇರೆಯಾಗುತ್ತವೆ. ಕರೆಂಟು ಹೊರುವವು ಅವೇ. ಆದ್ದರಿಂದ ಇಲ್ಲಿ ಕರೆಂಟು ಹೊರದ ನೀರೇ ಒಳ್ಳೆಯ ನೀರು. ನೀರು ಎಷ್ಟು ಕರೆಂಟು ಹೊರುತ್ತದೆ ಎಂದು ಅಳೆಯುವ ಮೀಟರು ಹತ್ತು ದಾಟಿದರೆ ಯಂತ್ರ ನಿಲ್ಲಿಸಬೇಕು.

ಆ ಬೆಳಿಗ್ಗೆ ಪೈಪಿಗೆ ಕೂರಿಸಿದ ಮೀಟರು ಐದು ತೋರಿಸಿತು. ರೂಢಿಯಂತೆ ಅವನು ಅದೇ ನೀರಿನಿಂದ ಗಾಜಿನ ಲೋಟವನ್ನು ಮೂರು ಸಲ ತೊಳೆದು, ತುಂಬಿಸಿ, ಕೈಮೀಟರು ಅದ್ದಿದ. ಅರವತ್ತೆರಡು.

"ನಿನ್ನ ಕೈ ಬೆವರಿನ ಉಪ್ಪಿರಬೇಕು ನೀರಣ್ಣ," ಎಂದರು ಬಾಗಿಲಲ್ಲಿ ನಿಂತ ಹಿರಿಯ ನರ್ಸ್. "ಬೇಗ ಬಿಡು. ನಿಮ್ಮಕ್ಕ ಮೊದಲನೇ ಕುರ್ಚಿಲಿ ಕೂತಾಗಿದೆ, ಉಸಿರು ಎಳೀತಿದಾರೆ."

ಅಕ್ಕನಿಗೆ ಎರಡು ದಿನದ ನೀರು ಮೈಯಲ್ಲಿ ನಿಂತಿತ್ತು. ಕಾಲು ಬೆಣ್ಣೆಯ ಮುದ್ದೆಯಂತೆ, ಒತ್ತಿದರೆ ಗುಳಿ. ಅವನಿಗೆ ಅದು ಗೊತ್ತಿತ್ತು. ಗ್ಲೌಸ್ ಹಾಕಿಕೊಂಡು ಮತ್ತೆ ಅಳೆದ. ಮತ್ತೆ ಅರವತ್ತೆರಡು.

"ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ," ಎಂದ.

"ಕೈಲಿರೋದು ಹಳೇದು. ಅದೇ ಇರತ್ತೆ."

ಅವನು ಇಂಜೆಕ್ಷನ್ನಿಗೆ ಬಳಸುವ ಶುದ್ಧ ನೀರಿನ ಬಾಟಲಿಯೊಂದನ್ನು ಕೇಳಿ ತರಿಸಿಕೊಂಡ. ಕೈಮೀಟರು ಅದರಲ್ಲಿ ಎರಡು ತೋರಿಸಿತು. ಹಳೆಯದಾದರೂ ಸರಿಯಾಗಿಯೇ ಇತ್ತು. ಹಾಗಾದರೆ ಪೈಪಿನದ್ದು?

ಹಿಂದಿನ ಸಂಜೆ ಕೊನೆಯ ರೋಗಿ ಹೋದ ಮೇಲೆ, ಒರೆಸಲು ಸುಲಭವಾಗಲಿ ಎಂದು ಆ ಮೀಟರಿನ ಕಡ್ಡಿಯನ್ನು ಪೈಪಿನ ಕೆಳಮೈಯಿಂದ ಬಿಚ್ಚಿ ಮೇಲ್ಮೈಗೆ ಕೂರಿಸಿದ್ದವನು ಅವನೇ. ಈಗ ಸ್ಕ್ರೂ ಸಡಿಲಿಸುತ್ತಲೇ ಪುಸ್ ಎಂದು ಗಾಳಿ ಹೊರಟಿತು. ಕಡ್ಡಿ ಮುಕ್ಕಾಲು ಪಾಲು ಗಾಳಿಗುಳ್ಳೆಯೊಳಗೇ ಕೂತಿತ್ತು. ಗಾಳಿಯಲ್ಲಿ ಓಡಾಡಲು ಅಯಾನು ಎಲ್ಲಿಂದ ಬರಬೇಕು? ಗುಳ್ಳೆ ಪೂರಾ ಹೋಗಿ ನೀರು ಮುಟ್ಟಿದ್ದೇ ತಡ, ಐದು ಇದ್ದದ್ದು ಜಿಗಿದು ಅರವತ್ತೆರಡಾಯಿತು. ಒಳಗೆಲ್ಲೋ ಸೋಸುವ ಪೊರೆ ಹರಿದಿದೆ.

"ತಪ್ಪು ನಂದೇ," ಎಂದ ಅವನು. "ನೀರು ಬಿಡಲ್ಲ."

ನರ್ಸ್ ಊರಿನ ಇನ್ನೊಂದು ಆಸ್ಪತ್ರೆಗೆ ಫೋನು ಹಚ್ಚಿದರು. ಅಲ್ಲಿ ಮಧ್ಯಾಹ್ನ ಒಂದು ಕುರ್ಚಿ ಖಾಲಿಯಾಗಲಿತ್ತು, ಒಂದೇ ಒಂದು. ಎಲ್ಲರಿಗಿಂತ ಹೆಚ್ಚು ಏದುಸಿರಿದ್ದವಳು ಅಕ್ಕ. ಅದು ಅವಳಿಗೇ ಎಂದಾಯಿತು. ಉಳಿದ ಮೂವರು ರೋಗಿಗಳು ಗೊಣಗುತ್ತ ಚಪ್ಪಲಿ ಹುಡುಕಿದರು.

ಸ್ಟ್ರೆಚರಿನ ಮೇಲೆ ಅಕ್ಕ ಆಮ್ಲಜನಕದ ಮಾಸ್ಕ್ ಸರಿಸಿ, "ಏನೋ... ನೀರು ಕಾಯೋನಿಗೆ... ನೀರೇ ಇಲ್ವೇನೋ?" ಎಂದಳು.

"ಇದೆ ಕಣಕ್ಕ. ನಿನಗೆ ಆಗೋವಂಥದ್ದಲ್ಲ."

"ನನ್ನ ಅಡುಗೆಗೆ... ಹಾಗಂದಿದ್ರೆ... ಸೌಟಲ್ಲಿ ಹೊಡೀತಿದ್ದೆ."

"ವಾಸಿ ಮಾಡ್ಕೊಂಡು ಬಂದು ಹೊಡಿ. ಮಾಸ್ಕ್ ಹಾಕ್ಕೋ ಮೊದಲು."

ಆಂಬುಲೆನ್ಸಿನ ಬಾಗಿಲು ಮುಚ್ಚಿತು. ಅವನು ಒಳಗೆ ಬಂದು ಟ್ಯಾಂಕಿನ ನಲ್ಲಿ ತಿರುಗಿಸಿ, ಸಾವಿರ ಲೀಟರು ನೀರು ಮೋರಿಗೆ ಹರಿಯುವುದನ್ನು ನಿಂತು ನೋಡಿದ. ಫೋನನ್ನು ಕಿಟಕಿಯ ಕಟ್ಟೆಯ ಮೇಲೆ, ಕಣ್ಣಿಗೆ ಕಾಣುವಂತೆ ಇಟ್ಟುಕೊಂಡು ಪೊರೆಯ ಕೊಳವೆಯ ಮೊದಲ ಬೋಲ್ಟಿಗೆ ಪಾನಾ ಹಾಕಿದ.