ಕಬ್ಬಿಣಕ್ಕೆ ಎಣ್ಣೆ

ನಾಲ್ಕು ಗಂಟೆಗೆ ಹಳೇ ಗಾಡಿ ಕೊಳ್ಳುವ ದಿನಕರ ಬಂದು ಸ್ಕೂಟರು ಒಯ್ಯುತ್ತಾನೆ. ಬೆಳಿಗ್ಗೆ ಗಂಜಿ ಉಣ್ಣುತ್ತಲೇ ಮಾವ ಬೊಮ್ಮ ತೀರ್ಮಾನ ಹೇಳಿಬಿಟ್ಟಿದ್ದ. ನಿನ್ನೆ ಹಿಂದಿನ ಬ್ರೇಕು ಹಿಡಿಯದೆ ಸುಚಿತಾ ಹೊನ್ನಾವರದ ಒಂದು ಇಳಿಜಾರಿನಲ್ಲಿ ಯಾರದೋ ಬೇಲಿಗೆ ನುಗ್ಗಿದ್ದಳು. ಮೊಣಕೈ ತರಚಿತ್ತು, ಮಾರಲು ಒಯ್ದ ಬಂಗಡೆ ಮೀನೆಲ್ಲ ಗಟಾರದ ಪಾಲಾಗಿತ್ತು.

"ಜೀವಕ್ಕಿಂತ ಗಾಡಿ ದೊಡ್ಡದಾ? ಬುಟ್ಟಿ ಹೊರು. ನಿನ್ನ ಅತ್ತೆ ಬುಟ್ಟಿ ಹೊತ್ತೇ ಮೂರು ಮಕ್ಕಳನ್ನ ಸಾಕಿದ್ದು."

"ಹೊತ್ತ ಕುತ್ತಿಗೆ ನನ್ನದು, ನಿಮಗೆಂತ ಗೊತ್ತು?" ಒಳಗಿನಿಂದ ಅತ್ತೆ ಬೆಳ್ಳಿಯ ಮಾತು ಬಂತು.

ಬುಟ್ಟಿ ಹೊತ್ತರೆ ಎರಡು ಓಣಿ, ಸ್ಕೂಟರಿನಲ್ಲಾದರೆ ಹನ್ನೊಂದು. ಹನ್ನೊಂದು ಓಣಿಯಲ್ಲೂ ಸುಚಿತಾಳ ಹಾರ್ನು ಕೇಳಿದ್ದೇ ಬಾಗಿಲು ತೆರೆಯುತ್ತಿದ್ದವು. ಅದನ್ನು ಬಿಟ್ಟುಕೊಡಲು ಅವಳ ಮನಸ್ಸು ಸುತರಾಂ ಒಪ್ಪಲಿಲ್ಲ.

"ನಾಲ್ಕರ ಒಳಗೆ ನಾನೇ ಸರಿಮಾಡ್ತೆ, ಮಾವ."

"ನೀನಾ? ಆತು, ನೋಡುವಾ."

ಮೊಬೈಲಿನಲ್ಲಿ ನೋಡಿದ್ದು, ಗ್ಯಾರೇಜಿನ ಬೆಂಚಿನ ಮೇಲೆ ಕೂತು ಕಣ್ಣಲ್ಲೇ ಕದ್ದದ್ದು, ಇಷ್ಟೇ ಅವಳ ವಿದ್ಯೆ. ನಿನ್ನೆ ಸಂಜೆಯೇ ಹೊಸ ಬ್ರೇಕ್ ಶೂ ತಂದಿಟ್ಟಿದ್ದಳು. ಸೈಲೆನ್ಸರು ಬಿಚ್ಚಿ, ಚಕ್ರದ ನಟ್ಟಿಗೆ ಪಾನಾ ಹಾಕಿ, ಅದರ ಮೇಲೆ ಹತ್ತಿ ನಿಂತಳು. ನಟ್ಟು ಕಿರ್ರೆಂದು ಸೋತಿತು. ಚಕ್ರ ಕಳಚಿ ನೋಡಿದರೆ ಅರ್ಧಚಂದ್ರದಂಥ ಎರಡು ಶೂಗಳ ಮೇಲೂ ಕರಿ ಪಸೆ.

ಒಂದು ಬೆರಳು ಸವರಿ ಮೂಸಿದಳು. ಇದು ಸ್ಕೂಟರಿನ ಎಣ್ಣೆಯಲ್ಲ, ದೋಣಿ ಇಂಜಿನ್ನಿನದು. ಮಾವನ ಡಬ್ಬಿಯದು.

ಹೋದ ವಾರ ಮೀನುಪೆಟ್ಟಿಗೆಯ ಉಪ್ಪುನೀರು ಸೋರಿ ಬ್ರೇಕು ಕಿರುಗುಟ್ಟುತ್ತಿತ್ತು. ನಲವತ್ತು ವರ್ಷ ದೋಣಿ ನಡೆಸಿದ ಬೊಮ್ಮನಿಗೆ ಒಂದೇ ವೇದ: ಕಬ್ಬಿಣ ಕೂಗಿದರೆ ಎಣ್ಣೆ ಕೊಡು. ಆಮೇಲೆ ಕಿರುಗುಟ್ಟುವುದು ನಿಂತಿತ್ತು, ಬ್ರೇಕು ಹಿಡಿಯುವುದೂ ನಿಂತಿತ್ತು.

ತಲೆಯೆತ್ತಿದರೆ ಬೊಮ್ಮ ಜಗಲಿಯಲ್ಲಿ ನಿಂತು ಅವಳ ಬೆರಳನ್ನೇ ನೋಡುತ್ತಿದ್ದ.

"ಸೊಸೆ ಗಾಡಿ ಕೂಗಬಾರದು ಅಂತ..." ಎಂದವನು ಮಾತು ಮುಗಿಸದೆ ತೆಂಗಿನಮರ ನೋಡಿದ.

"ದೋಣಿಗೆ ಜಾರಬೇಕು ಮಾವ. ಬ್ರೇಕಿಗೆ ಉಜ್ಜಬೇಕು." ಅಷ್ಟು ಹೇಳಿ ಮತ್ತೆ ಕೆಲಸಕ್ಕೆ ತಿರುಗಿದಳು.

ಶೂ ಉಜ್ಜುವ ಡ್ರಮ್ಮನ್ನು ಪೆಟ್ರೋಲಿನಿಂದ ಒರೆಸಿ, ಒಣಗಿಸಿ, ಮರಳುಕಾಗದದಿಂದ ತಿಕ್ಕಿದಳು. ಹೊಸ ಶೂಗಳ ಸ್ಪ್ರಿಂಗು ಮಾತ್ರ ಜಗ್ಗಲಿಲ್ಲ. ಮೂರು ಸಲ ಚಿಮ್ಮಿ ಬಾವಿಕಟ್ಟೆಗೆ ಬಡಿಯಿತು. ಗಂಟೆ ಮೂರೂವರೆ. ಬೆಳ್ಳಿ ಅಲ್ಲೇ ಹೊಳೆಯ ಚಿಪ್ಪುಮೀನು, ಬಳಚು, ತೊಳೆಯುತ್ತ ಕೂತಿದ್ದಳು. ಅವಳ ಕೈಯಲ್ಲಿ ಎರಡು ಚಿಪ್ಪು ಒಂದೇ ಕೀಲಿನಲ್ಲಿ ತೆರೆದುಕೊಂಡವು.

ಸುಚಿತಾ ತಡವರಿಸಲಿಲ್ಲ. ಸ್ಪ್ರಿಂಗುಗಳನ್ನು ಮೊದಲೇ ಸಿಕ್ಕಿಸಿದಳು, ಎರಡು ಶೂಗಳನ್ನೂ ಬಳಚಿನ ಹಾಗೆ ಮಡಚಿ ಜಾಗಕ್ಕಿಟ್ಟಳು, ಎರಡೂ ಅಂಗೈಯಿಂದ ಒತ್ತಿದಳು. ಟಕ್ ಎಂದು ಕೂತವು.

ದಿನಕರ ಬಂದಾಗ ಅವಳು ಕೊನೆಯ ನಟ್ಟು ಬಿಗಿಯುತ್ತಿದ್ದಳು. ಅಂಗಳದಲ್ಲಿ ನಾಲ್ಕು ಸುತ್ತು ಹೊಡೆದು, ನಿಲ್ಲಿಸಿ ನೋಡಿ, ದೋಣಿ ಕಟ್ಟುವ ಧಕ್ಕೆಯ ಇಳಿಜಾರಿಗೆ ಹೊರಟಳು. ಮೂವರೂ ಹಿಂದೆಯೇ ಬಂದರು. ಇಳಿಜಾರಿನ ಕೆಳಗೆ ಶರಾವತಿ.

"ಬೇಡ ಮಾರಾಯ್ತಿ!" ಬೊಮ್ಮ ನೀರಿನಂಚಿಗೆ ಓಡಿ, ಬರುವ ದೋಣಿ ತಡೆಯುವವನ ಹಾಗೆ ಕೈಚಾಚಿ ನಿಂತ.

ಅವಳು ಇಳಿದಳು. ಅರ್ಧದಲ್ಲಿ ಎಡಗೈಯ ಬ್ರೇಕು ಬಿಗಿಹಿಡಿದಳು. ಮಾವನಿಗೆ ಎರಡು ಮಾರು ದೂರದಲ್ಲಿ ಸ್ಕೂಟರು ಗೂಟ ಹೊಡೆದಂತೆ ನಿಂತಿತು.

"ಬೊಮ್ಮಣ್ಣ, ಗಾಡಿ ಈಗಲೇ ಒಯ್ತೆ," ಎಂದ ದಿನಕರ.

"ಎಲ್ಲಿಗೆ? ಇದು ನನ್ನ ಸೊಸೆ ಕೈಯಾರೆ ಕಟ್ಟಿದ ಬ್ರೇಕು. ಕೊಡುವ ಮಾತಿಲ್ಲ."

"ಹಂಗಾರೆ ಒಂದು ಕೇಳ್ತೆ, ನನ್ನ ಬೈಕಿನ ಬ್ರೇಕು ಕಿರುಗುಡ್ತದೆ. ಸ್ವಲ್ಪ ಎಣ್ಣೆ ಬಿಡ್ಲಾ?"

"ತಲೆ ಸರಿ ಉಂಟಾ ನಿಂಗೆ?" ಬೊಮ್ಮ ಗುಡುಗಿದ. "ಬ್ರೇಕಿಗೆ ಯಾವನಾದ್ರೂ ಎಣ್ಣೆ ಬಿಡ್ತಾನಾ!"

ಬೆಳ್ಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸುಚಿತಾ ಕರಿಬಡಿದ ಬೆರಳಿನಿಂದ ಹಾರ್ನು ಒತ್ತಿದಳು, ಹನ್ನೊಂದು ಓಣಿಗೂ ಕೇಳುವ ಹಾಗೆ.