ಗುಂತುರ್ ಕಲಿತ ಹೊಸ ಸಿಳ್ಳೆ

ಜಾವಾದ ಕ್ಲಾತೆನ್ ಪೇಟೆಯ ಹೊರಗಿನ ಆ ಕೇರಿಯಲ್ಲಿ ತುಕಿರನ್ ಮೇಷ್ಟ್ರ ಉಸಿರಿಗೆ ದೊಡ್ಡ ಹೆಸರಿತ್ತು. ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದಾಗ ಅವರು ಊದಿದ ಪೀಪಿ ಮೈದಾನ ದಾಟಿ, ಕಬ್ಬಿನ ಗದ್ದೆ ದಾಟಿ, ರೈಲು ಹಳಿಯಾಚೆ ತರಗತಿ ತಪ್ಪಿಸಿ ಕೂತವರ ಕಿವಿಗೂ ಬಡಿಯುತ್ತಿತ್ತು. ನಿವೃತ್ತಿಯಾದ ಮೇಲೂ ಎದುರಿಗೆ ಯಾರಾದರೂ ಕೆಮ್ಮಿದರೆ ಸಾಕು, ಮೇಷ್ಟ್ರು ತಮ್ಮ ಎದೆಯನ್ನು ಅಂಗೈಯಿಂದ ತಟ್ಟಿ, "ತೇಗದ ಮರ ಇದು. ಇದಕ್ಕೆ ಡಾಕ್ಟ್ರ ಕೈ ತಾಗಿಲ್ಲ," ಎನ್ನುತ್ತಿದ್ದರು.

ಪೀಪಿ ಕೆಳಗಿಟ್ಟ ಮೇಲೆ ಅವರಿಗೆ ಹಕ್ಕಿಯ ಹುಚ್ಚು ಹತ್ತಿತು. ಜಾವಾದ ಗಂಡಸರಿಗೆ ಇದು ಹೊಸದೇನಲ್ಲ. ಮೇಷ್ಟ್ರು ತಂದದ್ದು ಒಂದು ಮುರೈ ಹಕ್ಕಿ; ಕಪ್ಪು ಮೈ, ಇಟ್ಟಿಗೆ ಬಣ್ಣದ ಹೊಟ್ಟೆ, ಮೈಗಿಂತ ಉದ್ದದ ಬಾಲ. ಅದಕ್ಕೆ ಗುಂತುರ್, ಅಂದರೆ ಗುಡುಗು, ಎಂದು ಹೆಸರಿಟ್ಟರು. ಬೇರೆ ಹಕ್ಕಿಗಳ ದನಿಯನ್ನು ಕದ್ದು ಹಾಡುವುದರಲ್ಲಿ ಮುರೈಗೆ ಸಾಟಿಯಿಲ್ಲ, ಸ್ಪರ್ಧೆಯಲ್ಲಿ ಗೆಲ್ಲುವುದೂ ಹೀಗೆ ಕದ್ದ ದನಿಗಳಿಂದಲೇ. ಕಳ್ಳರ ಭಯಕ್ಕೆ ಮೇಷ್ಟ್ರು ಪಂಜರವನ್ನು ಮಲಗುವ ಕೋಣೆಯಲ್ಲೇ, ತಮ್ಮ ತಲೆಯ ಮೇಲೆಯೇ ತೂಗುಹಾಕಿದರು.

"ಮದುವೆಯಾದ ಹೊಸದರಲ್ಲಿ ನನ್ನ ತಲೆದಿಂಬು ಅಷ್ಟು ಹತ್ತಿರ ಇತ್ತು," ಎಂದು ಹೆಂಡತಿ ಸುಮಿಯಾತಿ ನೆನಪಿಸಿದಳು.

"ನೀನು ಹಾಡಲ್ವಲ್ಲ," ಎಂದರು ಮೇಷ್ಟ್ರು.

ಸುಮಿಯಾತಿ ಮನೆಯ ಮುಂದೆ ಪೆಚೆಲ್ ಮಾರುತ್ತಿದ್ದಳು. ಬೇಯಿಸಿದ ಸೊಪ್ಪಿನ ಮೇಲೆ ಶೇಂಗಾದ ಗೊಜ್ಜು ಸುರಿಯುತ್ತ, ಬಂದವರ ಕಷ್ಟಸುಖ ಕೇಳುತ್ತ, ಒಳಗಿನ ಗಂಡನ ಕಡೆಗೂ ಒಂದು ಕಿವಿ ಇಟ್ಟಿರುತ್ತಿದ್ದಳು. ಪಂಜರ ಒಳಗೆ ಬಂದಮೇಲೆ ಗಂಡನಿಗೆ ಬೆಳಗಾಗುವ ಮೊದಲೇ ಕೆಮ್ಮು ಶುರುವಾಗುವುದು, ಪಂಜರದ ತಟ್ಟೆ ಕೆರೆದು ತೊಳೆದ ದಿನ ಅದು ಹೆಚ್ಚಾಗುವುದು ಅವಳ ಗಮನಕ್ಕೆ ಬಂತು. ಕೇಳಿದರೆ ಮೇಷ್ಟ್ರ ಬಳಿ ಉತ್ತರ ತಯಾರಿರುತ್ತಿತ್ತು. ಕೆಮ್ಮಿಗೆ ಅವಳು ಸೋಯಾಕಾಳಿನ ತೆಂಪೆ ಕರಿದ ಎಣ್ಣೆ ಕಾರಣ. ಎದೆ ಬಿಗಿದರೆ ಅವಳು ಒಗೆದು ಕುಗ್ಗಿಸಿದ ಅಂಗಿ ಕಾರಣ. ನೀರಿನ ಕೊಡ ಎತ್ತಿ ಅಂಗಳದ ನಡುವೆ ನಿಂತುಬಿಟ್ಟರೆ ಅದು ದಣಿವಲ್ಲ, ಯೋಚನೆ.

ಒಂದು ಮುಂಜಾನೆ ಮೇಷ್ಟ್ರು ಅವಳನ್ನು ಅಲುಗಾಡಿಸಿ ಎಬ್ಬಿಸಿದರು. "ಏಯ್, ಕೇಳು. ಗುಂತುರ್ ಹೊಸ ದನಿ ಕಲಿತಿದೆ."

ಕೋಣೆಯಲ್ಲಿ ಒಂದು ಸಣ್ಣ ಸಿಳ್ಳೆ ಕೇಳಿಸುತ್ತಿತ್ತು. ಸೂ...ಯ್. ತುಸು ಬಿಟ್ಟು ಮತ್ತೆ ಸೂ...ಯ್. ಕೊಳಲಿನ ತೂತಿನಲ್ಲಿ ಗಾಳಿ ಸಿಕ್ಕಿಕೊಂಡ ಹಾಗೆ, ಎಳೆಯಾಗಿ, ಉದ್ದವಾಗಿ. ಮೇಷ್ಟ್ರ ಕಣ್ಣು ಹೊಳೆಯುತ್ತಿತ್ತು. ಸುಮಿಯಾತಿ ಸ್ವಲ್ಪ ಹೊತ್ತು ಕೇಳಿ, ತಲೆ ಬಗ್ಗಿಸಿ ಗಂಡನ ಎದೆಗೆ ಕಿವಿ ಇಟ್ಟಳು.

"ಇದು ಹಕ್ಕಿ ಅಲ್ಲರೀ. ನೀವು."

"ನನ್ನ ಬಾಯಿ ಮುಚ್ಚಿದೆಯಲ್ಲ."

"ಸಿಳ್ಳೆ ಬಾಯಿಂದ ಬರ್ತಿಲ್ಲ. ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗ್ತಿತ್ತು. ಉಬ್ಬಸ ಇದು. ನಡೀರಿ, ಡಾಕ್ಟ್ರ ಹತ್ರ ತೋರಿಸ್ಕೊಂಡು ಬರೋಣ."

ಮೇಷ್ಟ್ರು ಮಗ್ಗುಲಾದರು. ಹಕ್ಕಿಯ ಏಳಿಗೆ ಕಂಡರೆ ಹೊಟ್ಟೆಕಿಚ್ಚು ಪಡುವ ಹೆಂಗಸರ ಬಗ್ಗೆ ಗೋಡೆಗೆ ಎರಡು ಮಾತು ಹೇಳಿದರು.

ಹೆಂಡತಿ ನಂಬದಿದ್ದರೇನು, ಪಕ್ಕದ ಮನೆಯ ಸರ್ಜೊನೊ ಇದ್ದಾರಲ್ಲ. ಸರ್ಜೊನೊ ಹಕ್ಕಿ ಸಾಕಿ ಕೂದಲು ಬೆಳ್ಳಗೆ ಮಾಡಿಕೊಂಡವರು. ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಲವಂಗದ ಸಿಗರೇಟಿನ ಹೊಗೆ ಬಿಡುತ್ತ ಕೇಳುವುದು ಅವರ ಪದ್ಧತಿ. ಮೇಷ್ಟ್ರು ಅವರನ್ನು ಪಂಜರದ ಕೆಳಗೆ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ಹೊಗೆ ಕೋಣೆ ತುಂಬಿತು. ಸಿಳ್ಳೆ ಚೆನ್ನಾಗಿಯೇ ಎದ್ದಿತು.

"ಆಹಾ," ಎಂದರು ಸರ್ಜೊನೊ, ಹೆಸರಿಗೆ ಗೌರವದ 'ಪಾಕ್' ಸೇರಿಸಿ. "ಎಂಥ ಎಳೆತ, ಪಾಕ್ ತುಕಿರನ್. ಯಾವ ಹಕ್ಕೀದು ಕದ್ದಿದೆ?"

"ಅದೇ ಗೊತ್ತಾಗ್ತಿಲ್ಲ."

ಸರ್ಜೊನೊ ಕಣ್ಣು ತೆರೆದರು. ಗುಂತುರ್ ಕೊಕ್ಕಿನ ತುಂಬ ಮಿಡತೆ ಕಚ್ಚಿಕೊಂಡು ಕೂತಿತ್ತು. ಸಿಳ್ಳೆ ಮಾತ್ರ ನಿಂತಿರಲಿಲ್ಲ.

"ಬಾಯಲ್ಲಿ ಊಟ ಇಟ್ಕೊಂಡೂ ಹಾಡ್ತದಲ್ಲ," ಎಂದು ಸರ್ಜೊನೊ ಬೆರಗಾದರು. "ಇಂಥದ್ದು ನಾನು ನೋಡೇ ಇಲ್ಲ. ಭಾನುವಾರದ ಸ್ಪರ್ಧೆಗೆ ಬಿಡಲೇಬೇಕು ನೀವು."

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಸುಮಿಯಾತಿ ಲೋಟಗಳನ್ನು ಕೆಳಗಿಟ್ಟು ಹೋದಳು.

ಸ್ಪರ್ಧೆಯ ಹಿಂದಿನ ಸಂಜೆ ಎದೆ ಇನ್ನಷ್ಟು ಬಿಗಿಯಿತು. ಮೈಗೆ ಗಾಳಿ ಹೊಕ್ಕಿದೆ ಎಂದು ಮೇಷ್ಟ್ರು ತಾವೇ ತೀರ್ಮಾನಿಸಿ, ಅಂಗಿ ಬಿಚ್ಚಿ ಬೆನ್ನು ತಿರುಗಿಸಿ ಕೂತರು. ಜಾವಾದಲ್ಲಿ ಗಾಳಿ ಹೊಕ್ಕವರ ಬೆನ್ನಿಗೆ ಎಣ್ಣೆ ಹಚ್ಚಿ ನಾಣ್ಯದ ಅಂಚಿನಿಂದ ಗೀರುವುದು ಹಿಂದಿನಿಂದ ಬಂದದ್ದು. ಸುಮಿಯಾತಿ ಗೀರಿದಳು. ಹೇಳಿದ್ದು ಕೇಳದ ಗಂಡನ ಬೆನ್ನು ಹೀಗೆ ಕೈಗೆ ಸಿಕ್ಕಿದ್ದು ಅಪರೂಪ. ಸ್ವಲ್ಪ ಗಟ್ಟಿಯಾಗಿಯೇ ಗೀರಿದಳು. ಬೆನ್ನು ಹುಲಿಯ ಹಾಗೆ ಪಟ್ಟೆ ಪಟ್ಟೆಯಾಯಿತು. ಎದೆ ಹಾಗೇ ಇತ್ತು.

"ಹೋಗೋದು ಬೇಡ ನಾಳೆ," ಎಂದಳು.

"ಗುಂತುರ್ ಬೇಜಾರು ಮಾಡ್ಕೊಳ್ಳುತ್ತೆ," ಎಂದರು ಮೇಷ್ಟ್ರು.

ಹೋಗುವುದೇ ಆದರೆ ತಾನೂ ಬರುತ್ತೇನೆಂದು ಸುಮಿಯಾತಿ ಅಂಗಡಿ ಮುಚ್ಚಿ ಹೊರಟಳು. ಸರ್ಜೊನೊ ಅವರ ಸಣ್ಣ ಲಾರಿಯ ತೆರೆದ ಹಿಂಬದಿಯಲ್ಲಿ ಕೇರಿಯ ಪಂಜರಗಳೆಲ್ಲ ಹೇರಿದ್ದವು.

ಮೈದಾನದಲ್ಲಿ ಧೂಳು, ಲವಂಗದ ಹೊಗೆ, ಕಿವಿಗಡಚಿಕ್ಕುವ ಹಕ್ಕಿಗಳ ಗಲಾಟೆ. ಸಾಲಾಗಿ ಕಟ್ಟಿದ ಕಂಬಿಗಳಿಗೆ ಪಂಜರಗಳನ್ನು ತೂಗಿಹಾಕುತ್ತಿದ್ದರು. ಮೇಷ್ಟ್ರು ಗುಂತುರ್‌ನ ಪಂಜರ ಎತ್ತಿ ಕೊಕ್ಕೆಗೆ ಸಿಕ್ಕಿಸಲು ಹೋದರು. ಕೈ ಮೇಲಕ್ಕೇರಲಿಲ್ಲ. ಪಕ್ಕದವರು ಸಿಕ್ಕಿಸಿಕೊಟ್ಟರು. ಮೇಷ್ಟ್ರು ಬಂದು ಮರದ ಬುಡದ ಬೆಂಚಿನ ಮೇಲೆ ಕೂತು, ಎರಡೂ ಅಂಗೈ ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿದರು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಒಲ್ಲೆ ಎನ್ನುತ್ತಿತ್ತು. ಎದೆಯನ್ನು ಯಾರೋ ಹಗ್ಗ ಹಾಕಿ ಬಿಗಿಯುತ್ತಿರುವಂತೆ ಅನ್ನಿಸಿತು. ಮೊದಲ ಸಲ ಅವರಿಗೆ ಭಯವಾಯಿತು. ಆದರೆ ಅದನ್ನು ಹೇಳಲೂ ಉಸಿರು ಬೇಕಲ್ಲ.

"ಹೇಗಿದೆ ಮೇಷ್ಟ್ರೇ, ಗೆಲ್ತೀವಾ?" ಎಂದು ಸರ್ಜೊನೊ ಕೇಳಿದರು.

"ನೋ...ಡೋಣ."

"ಗುಂತುರ್‌ಗೆ ಮಿಡತೆ ಹಾಕಿದ್ರಾ?"

"ಹೂಂ."

ಒಂದು ಪ್ರಶ್ನೆಗೆ ಒಂದು ಭಾಷಣ ಕೊಡುವ ಮನುಷ್ಯ ಹೀಗೆ ಮಾತು ಮುರಿಯುತ್ತಿರುವುದು ಕಂಡು ಸರ್ಜೊನೊ ನೊಂದುಕೊಂಡರು. "ನನ್ನ ಮೇಲೆ ಸಿಟ್ಟಾ, ಪಾಕ್? ಹೋದ ವಾರ ನಿಮ್ಮ ಹಕ್ಕಿ ಬಾಲ ಗಿಡ್ಡ ಅಂದಿದ್ದಕ್ಕಾ?"

ಮೇಷ್ಟ್ರು ಅಲ್ಲವೆಂದು ತಲೆಯಾಡಿಸಿದರು. ಅಷ್ಟರಲ್ಲಿ ಸುತ್ತ ಜನ ಸೇರಿತು. ಒಬ್ಬ ನೀಲಗಿರಿ ಎಣ್ಣೆ ತೆಗೆದ, ಇನ್ನೊಬ್ಬ ನಾಣ್ಯಕ್ಕೆ ಜೇಬು ತಡಕಿದ. ಬೆನ್ನ ಮೇಲೆ ಗೀರಲು ಜಾಗವೇ ಇಲ್ಲವೆಂದು ಅಂಗಿ ಎತ್ತಿದವರಿಗೆ ತಿಳಿಯಿತು. "ಮಲಗಿಸಿ, ಮಲಗಿಸಿ, ಆರಾಮಾಗ್ತದೆ," ಎಂದರು ಯಾರೋ.

"ಮಲಗಿಸಬೇಡಿ," ಎಂದು ಸುಮಿಯಾತಿ ಜನರ ನಡುವೆ ನುಗ್ಗಿದಳು. "ಕೂತಿರ್ಲಿ. ಸಿಗರೇಟು ಹಿಡಿದೋರು ದೂರ ಹೋಗಿ."

ಅವಳು ಗಂಡನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಪ್ರತಿ ಉಸಿರಿಗೂ ಭುಜ ಮೇಲಕ್ಕೇಳುತ್ತಿತ್ತು. ಕತ್ತಿನ ಬುಡದ ಗುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ತುಟಿ ನೇರಳೆಹಣ್ಣು ತಿಂದವರ ಹಾಗೆ ಕಂದಿತ್ತು. ಅವಳನ್ನು ಹೆಚ್ಚು ಹೆದರಿಸಿದ್ದು ಮಾತ್ರ ಬೇರೆಯೇ: ಇಷ್ಟು ಹೊತ್ತೂ ಕೇಳುತ್ತಿದ್ದ ಸಿಳ್ಳೆ ಕ್ಷೀಣವಾಗುತ್ತಿತ್ತು. ಚಿಕ್ಕಮ್ಮನಿಗೂ ಹಾಗಾದ ದಿನವೇ ಮನೆಯವರೆಲ್ಲ ಎತ್ತಿಕೊಂಡು ಓಡಿದ್ದರು.

"ಆಸ್ಪತ್ರೆಗೆ ಹೋಗೋಣ, ಏಳಿ."

"ಫಲಿ...ತಾಂಶ..." ಎಂದರು ಮೇಷ್ಟ್ರು.

"ಸರಿ. ಒಂದೇ ಒಂದು ವಾಕ್ಯ ಉಸಿರು ಬಿಡದೆ ಹೇಳಿ, ಇಲ್ಲೇ ಕೂತಿರೋಣ. 'ನನ್ನ ಹೆಂಡತಿ ಹೇಳಿದ್ದೆಲ್ಲಾ ಸುಳ್ಳು' ಅನ್ನಿ."

ಜೀವನದಲ್ಲಿ ಇಂಥ ಅವಕಾಶ ಮೇಷ್ಟ್ರಿಗೆ ಸಿಕ್ಕಿರಲಿಲ್ಲ. ಅವರು ಪೂರ್ತಿ ಮನಸ್ಸಿಟ್ಟು ಪ್ರಯತ್ನಿಸಿದರು. "ನನ್ನ... ಹೆಂಡ..." ಅಲ್ಲಿಗೆ ನಿಂತಿತು.

"ಹೆಂಡತಿ ಅನ್ನೋಕೂ ಆಗ್ತಿಲ್ಲ," ಎಂದು ಸುಮಿಯಾತಿ ಸರ್ಜೊನೊ ಕಡೆ ತಿರುಗಿದಳು. "ಗಾಡಿ ತೆಗೀರಿ."

ಗಾಡಿಯ ಹಿಂಬದಿಯಲ್ಲಿ ಎರಡನೆಯ ಸುತ್ತಿಗೆ ಕಾದಿದ್ದ ಪಂಜರಗಳು ಹಾಗೇ ಇದ್ದವು, ಇಳಿಸಲು ಹೊತ್ತಿರಲಿಲ್ಲ. ಮೇಷ್ಟ್ರನ್ನು ಮುಂದೆ ಕಿಟಕಿಯ ಪಕ್ಕ ನೆಟ್ಟಗೆ ಕೂರಿಸಿದರು. ದಾರಿಯುದ್ದಕ್ಕೂ ಹಿಂದಿನ ಹಕ್ಕಿಗಳು, ಇಷ್ಟು ಹೊತ್ತು ಬಾಯಿ ಬಿಡದೆ ಕೂತಿದ್ದವೂ ಸೇರಿ, ಗಂಟಲು ಹರಿಯುವಂತೆ ಹಾಡಿದವು. ಸರ್ಜೊನೊಗೆ ಒಂದು ಕಣ್ಣಲ್ಲಿ ನೀರು, ಇನ್ನೊಂದರಲ್ಲಿ ಹಳಹಳಿ. "ಈಗ ಹಾಡ್ತಾವೆ ನೋಡಿ, ದರಿದ್ರದವು," ಎನ್ನುತ್ತ ಎಲ್ಲ ಅಡ್ಡರಸ್ತೆಗಳಲ್ಲೂ ಹಾರ್ನ್ ಒತ್ತಿದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಮೆಸ್ತಿ ಎಂಬ ತರುಣಿ ಮೇಷ್ಟ್ರ ತುಟಿ ನೋಡಿದವಳೇ ಹೆಸರು ವಿಳಾಸ ಕೇಳದೆ ಒಳಗೆ ಕರೆದೊಯ್ದಳು. ಬೆರಳಿಗೆ ಚಿಮಟಿಯಂಥದ್ದು ಹಾಕಿದರು, ಮೂಗುಬಾಯಿಗೆ ಮುಖವಾಡ ಕಟ್ಟಿದರು. ಅದರಿಂದ ಔಷಧಿಯ ಮಂಜು ಗೊರಗೊರ ಎಂದು ಏಳುತ್ತಿತ್ತು. ಮತ್ತೆ ಮತ್ತೆ ಕೊಟ್ಟರು, ಸೂಜಿ ಚುಚ್ಚಿದರು. ಹಗ್ಗ ಒಂದೊಂದೇ ಸುತ್ತು ಸಡಿಲಾಯಿತು. ತುಟಿಗೆ ಬಣ್ಣ ಬಂದದ್ದು ಕಂಡಮೇಲೆ ಸುಮಿಯಾತಿ ಗೋಡೆಗೊರಗಿ, ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದಲ್ಲಿ ಮುಖ ಒರೆಸಿಕೊಂಡಳು. ಗಂಡ ನೋಡುತ್ತಿದ್ದಾನೆಂದು ತಿಳಿದು ಬೆವರು ಒರೆಸಿದ ಹಾಗೆ ಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರಿಂದ ಮೊದಲ ಇಡೀ ವಾಕ್ಯ ಹೊರಟಿತು: "ಗುಂತುರ್‌ಗೆ ಎಷ್ಟನೇ ಸ್ಥಾನ ಬಂತು?"

"ಬಾಲ ತೀಡಿಕೊಳ್ತಾ ಕೂತಿತ್ತಂತೆ," ಎಂದರು ಮೈದಾನದವರಿಗೆ ಫೋನ್ ಮಾಡಿ ಬಂದ ಸರ್ಜೊನೊ. "ಒಂದು ಸಿಳ್ಳೆ ಇಲ್ಲ."

ಡಾಕ್ಟರ್ ಎದೆಯ ಮೇಲೆ ಕೊಳವೆ ಇಟ್ಟು ಕೇಳುತ್ತ, "ಈ ಸಿಳ್ಳೆ ಎಷ್ಟು ದಿನದಿಂದ ಇದೆ?" ಎಂದಳು.

"ನಾನೇ ಕೇಳಿದೀನಿ ಡಾಕ್ಟ್ರೇ," ಎಂದು ಸರ್ಜೊನೊ ಮುಂದೆ ಬಂದರು. "ಬಹಳ ಚೆನ್ನಾಗಿತ್ತು."

ಡಾಕ್ಟರ್ ಸುಮಿಯಾತಿಯ ಮುಖ ನೋಡಿದಳು. ಸುಮಿಯಾತಿ ಎಲ್ಲವನ್ನೂ ಹೇಳಿದಳು: ಮುಂಜಾವಿನ ಕೆಮ್ಮು, ಪಂಜರ, ಮಿಡತೆ, ನಾಣ್ಯ. ಡಾಕ್ಟರ್ ನಗಲಿಲ್ಲ, ತುಟಿ ಕಚ್ಚಿಕೊಂಡಿದ್ದಳು ಅಷ್ಟೆ.

"ಇದು ಅಸ್ತಮಾ, ಪಾಕ್. ಈ ವಯಸ್ಸಲ್ಲೂ ಶುರುವಾಗುತ್ತೆ. ಹಕ್ಕಿ ಗರಿ ಧೂಳು, ಹೊಗೆ, ಎರಡೂ ನಿಮ್ಮ ಎದೆಗೆ ಆಗಲ್ಲ. ಈ ಇನ್ಹೇಲರ್ ದಿನಾ ಎಳ್ಕೊಳ್ಳಿ, ಆರಾಮಿದ್ರೂ ಬಿಡಬೇಡಿ. ಈ ಇನ್ನೊಂದು ಇನ್ಹೇಲರ್ ಉಸಿರು ಕಟ್ಟಿದಾಗ ಮಾತ್ರ. ಅದನ್ನ ಎಳ್ಕೊಂಡೂ ಸರಿಹೋಗ್ಲಿಲ್ಲ, ಇಲ್ಲ ಸರಿಹೋಗಿ ಬೇಗ ಮತ್ತೆ ಬಂತು, ಮಾತು ತುಂಡಾಗ್ತಿದೆ, ತುಟಿ ನೀಲಿ ಆಗ್ತಿದೆ ಅಂದ್ರೆ ಯೋಚನೆ ಮಾಡ್ತಾ ಕೂರಬೇಡಿ, ತಕ್ಷಣ ಇಲ್ಲಿಗೆ ಬನ್ನಿ."

"ಅದನ್ನ ಎಳೆದ್ರೆ ಚಟ ಆಗುತ್ತಂತಲ್ಲ?"

"ಯಾರು ಹೇಳಿದ್ದು?"

ಮೇಷ್ಟ್ರು ಸರ್ಜೊನೊ ಕಡೆ ನೋಡಿದರು. ಸರ್ಜೊನೊ ಚಾವಣಿಯ ಫ್ಯಾನು ನೋಡಿದರು.

"ಚಟ ಆಗಲ್ಲ," ಎಂದಳು ಡಾಕ್ಟರ್. "ಹಕ್ಕಿ ಮಾತ್ರ ಮನೆಯಲ್ಲಿ ಬೇಡ."

ಹೀಗೆ ಗುಂತುರ್ ಸರ್ಜೊನೊ ಮನೆ ಸೇರಿತು. ಬೀಳ್ಕೊಡುವಾಗ ಮೇಷ್ಟ್ರು ಗೇಟಿನ ಆಚೆಯಿಂದಲೇ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಅದು ಯಾವ ಮಿಡತೆ ತಿನ್ನುತ್ತದೆ, ಯಾವುದನ್ನು ಉಗುಳುತ್ತದೆ ಎಂದು ಉದ್ದಕ್ಕೂ ಹೇಳಿದರು. ಒಂದೂ ಮಾತು ತುಂಡಾಗಲಿಲ್ಲ. ಇನ್ಹೇಲರ್ ಎಳೆದುಕೊಳ್ಳುವುದನ್ನು ಅವರು ವ್ಯಾಯಾಮದ ಹಾಗೆ ಮಾಡುತ್ತಿದ್ದರು: ಅಂಗಳದಲ್ಲಿ ಕಾಲು ಜೋಡಿಸಿ ನಿಂತು, ಉಸಿರು ಪೂರ್ತಿ ಬಿಟ್ಟು, ಒತ್ತಿ, ಎಳೆದು, ಹಿಡಿದು. ಪೆಚೆಲ್ ತಿನ್ನಲು ಬಂದವರು ಚಮಚ ನಿಲ್ಲಿಸಿ ನೋಡುತ್ತಿದ್ದರು.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಸರ್ಜೊನೊ ಕಂಗಾಲಾಗಿ ಓಡಿಬಂದರು. "ಪಾಕ್, ನನಗೂ ಬಂತು. ಎದ್ದ ಕೂಡಲೇ ಸಿಳ್ಳೆ. ಬಾಯಿ ಮುಚ್ಚಿದ್ರೂ ಕೇಳ್ತಿದೆ."

"ಸಿಳ್ಳೆ ನಿಮ್ಮದಾ ಗುಂತುರ್‌ದಾ?" ಎಂದಳು ಸುಮಿಯಾತಿ. "ಅದು ಇಷ್ಟು ದಿನ ಇವರ ತಲೆ ಮೇಲೆ ಕೂತು ಕೇಳಿದೆ."

ಸರ್ಜೊನೊ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅನುಮಾನ ಬಂದರೆ ತೋರಿಸಿಬಿಡುವುದೇ ಲೇಸೆಂದು ಈಗ ಮೇಷ್ಟ್ರೇ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದರಾದ್ದರಿಂದ ಇಬ್ಬರೂ ಆಸ್ಪತ್ರೆಗೆ ಹೊರಟರು. ಡಾಕ್ಟರ್ ಪ್ರಮೆಸ್ತಿ ಸರ್ಜೊನೊ ಎದೆ, ಬೆನ್ನು ಎಲ್ಲ ಕೇಳಿದಳು. ಉಸಿರು ತಿಳಿಯಾಗಿತ್ತು. ಬಂದದ್ದು ಒಳ್ಳೆಯದೇ ಆಯಿತೆಂದು, ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ಪಟ್ಟಿ ಬಿಚ್ಚಿ, ಮತ್ತೆ ಸುತ್ತಿ ನೋಡಿದಳು.

ಮರಳಿ ಬಂದ ಸರ್ಜೊನೊ ಕೈಯಲ್ಲಿ ದಿನಾ ನುಂಗಬೇಕಾದ ರಕ್ತದೊತ್ತಡದ ಮಾತ್ರೆಗಳಿದ್ದವು. ಉಪ್ಪುಮೀನು ಬಂದ್, ಸಿಗರೇಟು ಬಂದ್. ಹಕ್ಕಿಯ ಸಿಳ್ಳೆ ತೋರಿಸಲು ಹೋಗಿ ತಮ್ಮ ಕಾಯಿಲೆ ಹೊತ್ತು ತಂದಂತಾಯಿತೆಂದು ಗೊಣಗುತ್ತ ಅವರು ಪೆಚೆಲ್ ಅಂಗಡಿಯ ಬೆಂಚಿನ ಮೇಲೆ ಕೂತರು. ಸುಮಿಯಾತಿ ಅವರಿಗೆಂದೇ ಉಪ್ಪು ಹಾಕದೆ ಶೇಂಗಾ ಅರೆದು, ಸೊಪ್ಪಿನ ಮೇಲೆ ಧಾರಾಳವಾಗಿ ಸುರಿದು ಮುಂದಿಟ್ಟಳು. ಅವರು ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

"ಹೇಗಿದೆ?" ಎಂದು ಮೇಷ್ಟ್ರು ಕೇಳಿದರು.

"ಉಪ್ಪಿಲ್ಲ, ಸೊಪ್ಪಿದೆ," ಎಂದರು ಸರ್ಜೊನೊ, ಇನ್ನೊಂದು ತುತ್ತು ಕಲೆಸುತ್ತ.