ಎಡೆಯ ಮುಂದಿನ ಸಾಲು

ಹಿರಿಯರನ್ನು ಮನೆಗೆ ಕರೆದು ಎಡೆ ಇಡುವ ಚುಸೊಕ್ ಹಬ್ಬ ಬರುವುದು ಸುಗ್ಗಿಯ ಹುಣ್ಣಿಮೆಗೆ. ಹಬ್ಬದ ಮಾರಾಟದ ಚಿತ್ರಗಳನ್ನು ಮಾತ್ರ ಸುಡುಬೇಸಿಗೆಯಲ್ಲೇ ತೆಗೆದಿಡಬೇಕು. ಹ್ವಾಯೊನ್ ಪ್ರತಿವರ್ಷವೂ ಹಾಗೇ ಮಾಡುತ್ತಿದ್ದಳು. ಹಿರಿಯರಿಗೆ ಎಡೆ ಇಡುವ ಮರದ ಬಟ್ಟಲುಗಳನ್ನು ಕಡೆಯುವುದು ನಾಮ್‌ವೊನ್ ಊರಿನ ಕಸುಬು. ಅವಳ ಮಾವ ಜೀವನವಿಡೀ ಅದನ್ನೇ ಮಾಡಿದವರು. ಅವರು ತೀರಿಕೊಂಡ ಮೇಲೆ ಸೊಸೆ ಅವರ ಹೆಸರಿನಲ್ಲೇ ಆನ್‌ಲೈನ್ ಅಂಗಡಿ ತೆರೆದಿದ್ದಳು.

ಅವಳು ಬೆಳೆದದ್ದು ಚರ್ಚಿಗೆ ಹೋಗುವ ಮನೆಯಲ್ಲಿ. ಅಲ್ಲಿ ಎಡೆ ಇಡುವ ರೂಢಿ ಇರಲಿಲ್ಲ. ಹಾಗಾಗಿ ಚಿತ್ರಕ್ಕೆ ಎಲ್ಲವನ್ನೂ ಸಾಲಾಗಿ ಜೋಡಿಸಿಕೊಟ್ಟವರು ಅತ್ತೆ. ಮುಂದಿನ ಸಾಲಿನಲ್ಲಿ ಒಂದು ಬಟ್ಟಲು ಖಾಲಿ ಉಳಿಯಿತು.

"ಇಲ್ಲಿ ಹೊಸ ಮರಸೇಬು ಬರ್ಬೇಕು ಕಣೆ. ಈಗೆಲ್ಲಿ ಸಿಗುತ್ತೆ? ಖಾಲಿನೇ ಇರ್ಲಿ ಬಿಡು," ಎಂದು ಅವರು ಮೊಣಕಾಲಿಗೆ ಸೂಜಿ ಚುಚ್ಚಿಸಿಕೊಳ್ಳಲು ವೈದ್ಯರ ಬಳಿಗೆ ಹೋದರು.

ಕ್ಯಾಮೆರಾದಲ್ಲಿ ಆ ಬಟ್ಟಲು ಹಲ್ಲು ಬಿದ್ದ ಬಾಯಿಯಂತೆ ಕಂಡಿತು. ಫ್ರಿಜ್ಜಿನಲ್ಲಿ ಪೀಚ್ ಹಣ್ಣುಗಳಿದ್ದವು, ಆ ಕಾಲದವೇ, ಕೆಂಪು ತಿರುಗಿದ್ದವು. ಒರೆಸಿ ಇಟ್ಟಳು. ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ ಅದನ್ನೇ ಮೊದಲ ಪುಟಕ್ಕೆ ಆರಿಸಿದಳು. ಕೆಳಗಿನ ಬರಹವನ್ನು ಮತ್ತೆ ಮತ್ತೆ ತಿದ್ದಿ ಕೊನೆಗೆ ಹೀಗೆ ಉಳಿಸಿಕೊಂಡಳು: 'ಮಾವನವರ ಬಟ್ಟಲು, ಅತ್ತೆಯವರು ಇಟ್ಟ ಎಡೆ.'

ಮಾರಾಟ ಶುರುವಾದ ಬೆಳಗ್ಗೆ ಗಿರಾಕಿಯೊಬ್ಬರ ಪ್ರಶ್ನೆ ಬಂದಿತ್ತು. 'ಪೀಚ್ ಇದ್ದ ಕಡೆ ಹಿರಿಯರ ಆತ್ಮ ಹೊಸ್ತಿಲು ದಾಟುವುದಿಲ್ಲ. ಎಡೆಯ ಬಟ್ಟಲು ಮಾರುವವರಿಗೇ ಇದು ಗೊತ್ತಿಲ್ಲವೆ?' ಅದರ ಕೆಳಗೆ ಮತ್ತೊಬ್ಬರು: 'ಎಡೆ ಇಟ್ಟ ಅಜ್ಜಿಗೆ ಗಂಡ ಬರುವುದು ಬೇಡವೇನೋ.'

ಅವಳು ಚಿತ್ರವನ್ನು ಪುಟದಿಂದ ಅಳಿಸಿದಳು. ಅಷ್ಟರಲ್ಲಿ ಅದು ಊರಿನ ಫೋನುಗಳನ್ನೆಲ್ಲ ಸುತ್ತಿತ್ತು. ಅತ್ತೆಗೆ ಊಟದ ಹೊತ್ತಿಗೆ ಹೇಳೋಣವೆಂದುಕೊಂಡಳು. ಊಟವಾಯಿತು, ಹೇಳಲಿಲ್ಲ. ಸಂಜೆ ಇಬ್ಬರೂ ಎಳ್ಳೆಣ್ಣೆ ತರಲು ಗಾಣಕ್ಕೆ ಹೋದರು.

ಗಾಣದ ಒಡತಿ ದೊಕ್ಜಾ ಫೋನು ಹಿಡಿದೇ ಎದುರು ಬಂದಳು. "ಏನಕ್ಕಾ, ಗಂಡ ಹಬ್ಬಕ್ಕೆ ಬರ್ದೇ ಇರ್ಲಿ ಅಂತ ಬಾಗ್ಲಿಗೆ ಚಿಲಕ ಹಾಕ್ಬಿಟ್ಯಂತೆ?"

ಬೆಂಚಿನ ಮೇಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

ಅತ್ತೆ ಫೋನನ್ನು ಕಣ್ಣಿನಿಂದ ದೂರ ಹಿಡಿದು ನೋಡಿದರು. ತುಂಬಾ ಹೊತ್ತು ನೋಡಿದರು. ಸೊಸೆಯ ಕಡೆ ತಿರುಗಲಿಲ್ಲ.

"ಹೂಂ, ನಾನೇ ಇಟ್ಟಿದ್ದು. ಬದುಕಿದ್ದಾಗ ಆ ಮನುಷ್ಯ ಹೇಳ್ದೆ ಕೇಳ್ದೆ ನೆಂಟರನ್ನ ಕಟ್ಕೊಂಡ್ ಬರ್ತಿದ್ದ. ಈ ಸಲನಾದ್ರೂ ಕಾಲು ಚಾಚಿ ಕೂತ್ಕೋತೀನಿ."

ಹ್ವಾಯೊನ್ ಬಾಯಿ ತೆರೆದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ನೆಲದ ಮೇಲೆ ಚೆಲ್ಲಿದ್ದ ಎಳ್ಳನ್ನು ನೋಡತೊಡಗಿದಳು.

ದಾರಿಯುದ್ದಕ್ಕೂ ಅತ್ತೆ ಮೊಣಕಾಲಿನ ಮಾತಾಡಿದರು. ಮನೆಯ ಗೇಟಿಗೆ ಕೈ ಹಾಕಿ ನಿಂತು, ತಮ್ಮನ್ನೇ ಕೇಳಿಕೊಂಡಂತೆ, "ಬರೀ ಫೋಟೋ ತಾನೆ? ಅವರು ಬರ್ತಾರೆ ಅಲ್ವಾ?" ಎಂದರು.

ಹ್ವಾಯೊನ್ ಎಣ್ಣೆಯ ಬಾಟಲಿಯನ್ನು ಅತ್ತೆಯ ಕೈಗಿತ್ತು ಬಂದ ದಾರಿಯಲ್ಲೇ ಹಿಂದಿರುಗಿದಳು. ಗಾಣದಲ್ಲಿ ಹೆಂಗಸರು ಇನ್ನೂ ಕೂತಿದ್ದರು.

"ಪೀಚ್ ಇಟ್ಟಿದ್ದು ನಾನು. ಅತ್ತೆ ಆಗ ಮನೇಲೇ ಇರ್ಲಿಲ್ಲ."

ಈಗ ಯಾರೂ ನಗಲಿಲ್ಲ. ದೊಕ್ಜಾ ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡಳು.

"ಗೊತ್ತಮ್ಮಾ. ನಿಮ್ಮತ್ತೆ ಎಡೆಗೆ ಪೀಚ್ ಇಡ್ತಾಳೆ ಅಂದ್ರೆ ಈ ಬೀದೀಲಿ ಯಾರು ನಂಬ್ತಾರೆ? ನಾನು ಫೋನ್ ತೋರ್ಸಿದ್ದು ಅವಳಿಗಲ್ಲ, ನಿಂಗೆ, ನೀನೇ ಬಾಯಿ ಬಿಡ್ತೀಯೇನೋ ಅಂತ."

ಬೆಂಚಿನಲ್ಲಿದ್ದವರು ಸರಿದು ಅವಳಿಗೆ ಜಾಗ ಮಾಡಿಕೊಟ್ಟರು. ಹ್ವಾಯೊನ್‌ಗೆ ಕೂರಲಾಗಲಿಲ್ಲ.